ಒಂದು ಕಡೆಗೆ ವಾಲಿದ ಪಿಕಪ್ ಸೀಟು: ಕವರ್ ಸಾಕೋ, ಫೋಮೂ ಬದಲಿಸಬೇಕೋ?

ಪ್ರಶ್ನೆ: ನನ್ನ ಬಳಿ ಇಪ್ಪತ್ತೈದು ವರ್ಷ ದಾಟಿದ ಪಿಕಪ್ ಇದೆ. ಮೂರು ಜನ ಕೂರುವ ಉದ್ದನೆಯ ಒಂದೇ ಸೀಟು. ಡ್ರೈವರ್ ಕಡೆ ಕುಸಿದಿದೆ, ಬಾಗಿಲ ಕಡೆಯ ಅಂಚಿನಲ್ಲಿ ರೆಕ್ಸಿನ್ ಹರಿದಿದೆ, ಸೀಟಿನ ಕೆಳಗೆ ಹಳದಿ ಪುಡಿ ಬೀಳುತ್ತದೆ. ಒಂದು ಗಂಟೆ ಓಡಿಸಿದರೆ ಸೊಂಟದ ಒಂದು ಮಗ್ಗುಲು ಹಿಡಿದುಕೊಳ್ಳುತ್ತದೆ. ಕುಸಿದ ಜಾಗಕ್ಕೆ ಫೋಮ್ ತುಂಡು ತುರುಕಿ ಮೇಲೆ ಹೊಸ ಕವರ್ ಹಾಕಿದರೆ ಸಾಕಾ? ಯಾವ ಫೋಮ್ ಒಳ್ಳೆಯದು? ಮನೆಯಲ್ಲೇ ಮಾಡಿಕೊಳ್ಳಬಹುದಾ?

ಉತ್ತರ: ಸಾಕಾಗುವುದಿಲ್ಲ. ತುಂಡು ತುರುಕಿದರೆ ಮೊದಲ ವಾರ ಹಾಯೆನಿಸುತ್ತದೆ. ಆಮೇಲೆ ಅದು ಒಳಗೊಳಗೇ ಸರಿದು ಗಂಟಾಗುತ್ತದೆ. ಇಷ್ಟು ದಿನ ಹಳ್ಳದಲ್ಲಿ ಕೂರುತ್ತಿದ್ದವರು ಇನ್ನು ದಿಬ್ಬದ ಮೇಲೆ ಕೂರುತ್ತೀರಿ, ಅಷ್ಟೇ ವ್ಯತ್ಯಾಸ. ಹೊಸ ಕವರ್ ಅದನ್ನು ಚೆನ್ನಾಗಿ ಮುಚ್ಚಿಡುತ್ತದೆ. ಮೇಲೆ ಥಳುಕು, ಒಳಗೆ ಹುಳುಕು.

ಕವರ್ ಸುಮ್ನೆ ಹರಿಯುವುದಿಲ್ಲ. ಒಳಗಿನ ಫೋಮ್ ಕುಸಿದಾಗ ಕವರ್ ಸಡಿಲವಾಗುತ್ತದೆ. ಸಡಿಲವಾದದ್ದು ಕೂತಾಗಲೆಲ್ಲ ಒಂದೇ ಕಡೆ ಮಡಚುತ್ತದೆ, ಆ ಮಡಿಕೆಯ ಗೆರೆಯಲ್ಲೇ ಬಿರಿಯುತ್ತದೆ. ಅದಕ್ಕೇ ರಿಪೇರಿ ಕೆಳಗಿನಿಂದ ಮೇಲಕ್ಕೆ ಹೋಗಬೇಕು. ಮೊದಲು ಫ್ರೇಮು, ಆಮೇಲೆ ಸ್ಪ್ರಿಂಗು, ಅದರ ಮೇಲಿನ ಗೋಣಿ ಬಟ್ಟೆ, ಫೋಮು, ಎಲ್ಲದರ ಕೊನೆಗೆ ಕವರು. ಬಹಳ ಜನ ಕವರಿನ ಬಣ್ಣ ಆರಿಸುವುದರಿಂದ ಶುರು ಮಾಡುತ್ತಾರೆ! ಮನೆಯಲ್ಲಿ ಮಾಡಬಹುದಾ ಅಂದರೆ, ಹೊಲಿಗೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡಬಹುದು. ಎರಡು ದಿನ ಗಾಡಿ ಹೊರಗೆ ತೆಗೆಯುವುದಿಲ್ಲ ಅಂತ ತೀರ್ಮಾನ ಮಾಡಿಕೊಳ್ಳಿ.

ಏನನ್ನೂ ಬಿಚ್ಚುವ ಮುಂಚೆ ಅಳತೆ ತೆಗೆಯಿರಿ. ಒಂದು ನೇರವಾದ ಪಟ್ಟಿಯನ್ನು ಸೀಟಿಗೆ ಅಡ್ಡಲಾಗಿ ಇಡಿ. ಡ್ರೈವರ್ ಕೂರುವ ಜಾಗ, ನಡುವಿನ ಜಾಗ, ಆಚೆ ಕಡೆಯ ಜಾಗ, ಮೂರೂ ಕಡೆ ಪಟ್ಟಿಗೂ ಸೀಟಿಗೂ ಎಷ್ಟು ಸಂದಿ ಇದೆ ನೋಡಿ ಬರೆದುಕೊಳ್ಳಿ. ಉದ್ದನೆಯ ಸೀಟಿನಲ್ಲಿ ನಡುವೆ ಕೂರುವವರು ಕಡಿಮೆ ಅಲ್ವಾ? ಹಾಗಾಗಿ ಆ ಜಾಗ ಹೆಚ್ಚುಕಡಿಮೆ ಕಾರ್ಖಾನೆಯಿಂದ ಬಂದಾಗ ಇದ್ದ ಎತ್ತರದಲ್ಲೇ ಉಳಿದಿರುತ್ತದೆ. ನಿಮಗೆ ಅದೇ ನಕ್ಷೆ. ನಡುವಿನ ಭಾಗದಲ್ಲಿ ನೆಲದಿಂದ ಸೀಟಿನ ಮೇಲ್ಮೈವರೆಗಿನ ಎತ್ತರವನ್ನೂ ಬರೆದಿಡಿ. ಈ ಒಂದು ಸಂಖ್ಯೆ ಮುಂದೆ ಎಲ್ಲ ಕೆಲಸಕ್ಕೂ ಬೇಕು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನನ್ನದೇ ತಪ್ಪು. ಮೊದಮೊದಲು ಮಾಡಿದ ಒಂದು ಸೀಟಿಗೆ ಅಳತೆ ತೆಗೆಯದೆ, ದಪ್ಪ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂದುಕೊಂಡು 100 ಮಿ.ಮೀ. ಗಟ್ಟಿ ಫೋಮ್ ಹಾಕಿಬಿಟ್ಟೆ. ನೋಡುವುದಕ್ಕೆ ಬಹಳ ಚೆನ್ನಾಗಿತ್ತು. ಕೂತು ನೋಡಿದರೆ ತಲೆಗೂದಲು ಮಾಡಿಗೆ ತಾಗುತ್ತಿತ್ತು, ತೊಡೆ ಸ್ಟೀರಿಂಗಿಗೆ ಒತ್ತುತ್ತಿತ್ತು, ಸೀಟ್ ಬೆಲ್ಟಿನ ಬಕಲ್ ಎಲ್ಲೋ ಕೆಳಗೆ ಹೂತುಹೋಗಿತ್ತು. ಬೆಲ್ಟು ಸೊಂಟದ ಮೂಳೆಯ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಸೀಟಿನ ಎತ್ತರ ಬದಲಾದರೆ ಬೆಲ್ಟಿನ ಕೋನವೂ ಬದಲಾಗುತ್ತದೆ. ಕವರನ್ನು ಫ್ರೇಮಿಗೆ ಸಿಕ್ಕಿಸಿದ್ದ ತಂತಿ ರಿಂಗುಗಳನ್ನು ಅಷ್ಟೂ ಕತ್ತರಿಸಿ ಮತ್ತೆ ಮೊದಲಿನಿಂದ ಮಾಡಿದೆ.

ಸೀಟು ಇಳಿಸುವುದು ಸುಲಭ, ಬೋಲ್ಟು ತುಕ್ಕು ಹಿಡಿದಿಲ್ಲದಿದ್ದರೆ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಯಲು ಬಿಡಿ. ಬೆಳಗ್ಗೆ ಬಿಚ್ಚುವಾಗ ಒಂದೇ ಏಟಿಗೆ ತಿರುಗಿಸಬೇಡಿ. ಸ್ವಲ್ಪ ಸಡಿಲ, ಸ್ವಲ್ಪ ಬಿಗಿ, ಮತ್ತೆ ಸಡಿಲ, ಹಾಗೆ ಆಡಿಸುತ್ತಾ ಬನ್ನಿ. ತಲೆ ಮುರಿದ ಬೋಲ್ಟಿನ ಉಳಿದ ಭಾಗ ತೆಗೆಯುವುದು ಇಡೀ ಸೀಟು ಮಾಡುವುದಕ್ಕಿಂತ ದೊಡ್ಡ ತಲೆನೋವು. ಸೀಟಿನ ಕೆಳಗೆ ವೈರು ಇದ್ದರೆ ಕನೆಕ್ಟರ್ ಬಿಡಿಸಿ. ಸೀಟಿನ ಮಗ್ಗುಲಲ್ಲೇ ಏರ್‌ಬ್ಯಾಗ್ ಇರುವ ಗಾಡಿಯಾದರೆ ಈ ಕೆಲಸಕ್ಕೆ ನೀವೇ ಕೈ ಹಾಕಬೇಡಿ. ಅಲ್ಲಿ ಕವರಿನ ಹೊಲಿಗೆ ಕೂಡ ಏರ್‌ಬ್ಯಾಗ್ ಬಿರಿದಾಗ ಹರಿದುಕೊಳ್ಳುವಂತೆ ಲೆಕ್ಕ ಹಾಕಿ ಹೊಲಿದಿರುತ್ತಾರೆ. ನಿಮ್ಮಂಥ ಹಳೆಯ ಉದ್ದ ಸೀಟಿನಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಇನ್ನೂ ಹಳೆಯ ಪಿಕಪ್ ಇಟ್ಟುಕೊಂಡವರಿಗೆ ಬೇರೆಯೇ ಎಚ್ಚರಿಕೆ. 1972ರವರೆಗಿನ ಷೆವ್ರೊಲೆ ಸಿ-10 ಥರದ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕು ಕ್ಯಾಬಿನ್ ಒಳಗೆ, ಸೀಟಿನ ಬೆನ್ನ ಹಿಂದೆಯೇ ಇತ್ತು. ಅಂಥ ಕಡೆ ಕಿಡಿ ಹಾರುವ ಕೆಲಸ ಬೇಡವೇ ಬೇಡ.

ಇಳಿಸಿದ ಸೀಟನ್ನು ಬೋರಲು ಹಾಕಿ. ಕವರಿನ ಅಂಚು ಫ್ರೇಮಿಗೆ ಸಣ್ಣ ತಂತಿ ಬಳೆಗಳಿಂದ ಸಿಕ್ಕಿಸಿರುವುದು ಕಾಣುತ್ತದೆ. ಇವಕ್ಕೆ ಹಾಗ್ ರಿಂಗ್ ಅನ್ನುತ್ತಾರೆ. ಬಾಯಿ ತೆರೆದಿರುವ ಬಳೆಯನ್ನು ಇಕ್ಕಳದಲ್ಲಿ ಒತ್ತಿ ಮುಚ್ಚುವುದು, ಅಷ್ಟೇ. ಹಳೆಯದನ್ನು ಬಿಡಿಸಲು ಒದ್ದಾಡಬೇಡಿ, ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿಹಾಕಿ. ಆದರೆ ಕವರಿನ ಅಂಚಿನ ಗೂಡಿನೊಳಗೆ ತೂರಿಸಿರುವ ಉದ್ದನೆಯ ತಂತಿಗಳನ್ನು ಮಾತ್ರ ಜೋಪಾನವಾಗಿ ತೆಗೆದು, ಯಾವುದು ಎಲ್ಲಿಯದು ಅಂತ ಚೀಟಿ ಅಂಟಿಸಿಡಿ. ಹೊಸ ಕವರಿಗೆ ಅವೇ ಬೇಕು. ಹೆಜ್ಜೆಹೆಜ್ಜೆಗೂ ಫೋಟೋ ತೆಗೆಯಿರಿ. ಮೂಗಿಗೆ ಮಾಸ್ಕ್ ಇರಲಿ, ಹಳೆ ಫೋಮಿನ ಪುಡಿಯಲ್ಲಿ ಇಲಿಯ ಹಿಕ್ಕೆಯೂ ಇರುವುದುಂಟು.

ಈಗ ಸ್ಪ್ರಿಂಗ್ ನೋಡಿ. ಬಹುತೇಕ ಪಿಕಪ್ ಸೀಟಿನಲ್ಲಿ ಹಾವಿನ ಹಾಗೆ ವಂಕಿವಂಕಿಯಾಗಿ ಬಾಗಿಸಿದ ದಪ್ಪ ತಂತಿಗಳು ಹಿಂದಿನಿಂದ ಮುಂದಕ್ಕೆ ಹೋಗಿರುತ್ತವೆ. ಇವು ಮುರಿಯುವುದು ಹೆಚ್ಚಾಗಿ ಒಂದೇ ಜಾಗದಲ್ಲಿ, ಫ್ರೇಮಿನ ಕೊಕ್ಕೆಗೆ ಸಿಕ್ಕುವ ಕಡೆಯ ಮೊದಲ ಬಾಗಿನಲ್ಲಿ. ಬಾಗಿಲ ಕಡೆಯ ಸ್ಪ್ರಿಂಗ್ ಮೊದಲು ಹೋಗುತ್ತದೆ, ಯಾಕೆಂದರೆ ಹತ್ತಿ ಇಳಿಯುವಾಗ ಪ್ರತಿ ಸಲ ಇಡೀ ಮೈಭಾರ ಆ ಅಂಚಿನ ಮೇಲೆ ಬೀಳುತ್ತದೆ. ನಿಮ್ಮ ಸೊಂಟ ನೋವಿಗೂ ಮೂಲ ಅಲ್ಲೇ ಇರಬಹುದು. ಒಂದು ಮಗ್ಗುಲು ತಗ್ಗಿದಾಗ ಸೊಂಟ ಓರೆಯಾಗುತ್ತದೆ, ಮೈಯನ್ನು ನೆಟ್ಟಗೆ ಹಿಡಿಯುವುದಕ್ಕೆ ಒಂದು ಕಡೆಯ ಸ್ನಾಯು ದಾರಿಯುದ್ದಕ್ಕೂ ದುಡಿಯುತ್ತಿರುತ್ತದೆ. ಹೊಸ ಸೀಟಿನಲ್ಲಿ ಕೂತ ಮೇಲೂ ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ.

ಮುರಿದ ಸ್ಪ್ರಿಂಗಿಗೆ ವೆಲ್ಡಿಂಗ್ ಮಾಡಿಸಬೇಡಿ. ಸ್ಪ್ರಿಂಗ್ ಉಕ್ಕಿಗೆ ಆ ಪುಟಿಯುವ ಗುಣ ಬಂದಿರುವುದೇ ಹದದಿಂದ. ವೆಲ್ಡಿಂಗಿನ ಕಾವಿಗೆ ಆ ಹದ ಹೋಗುತ್ತದೆ, ಬೆಸುಗೆಯ ಪಕ್ಕದಲ್ಲೇ ಮತ್ತೆ ಪಟ್ಟನೆ ಮುರಿಯುತ್ತದೆ. ಅಷ್ಟೇ ದಪ್ಪದ, ಅಷ್ಟೇ ಉದ್ದದ ಹೊಸ ಸ್ಪ್ರಿಂಗ್ ಹಾಕಿ. ಫ್ರೇಮಿನ ಕೊಳವೆ ಬಿರುಕು ಬಿಟ್ಟಿದ್ದರೆ ಅದಕ್ಕೆ ವೆಲ್ಡಿಂಗ್ ಸರಿ, ಆದರೆ ಕೈ ಪಳಗಿದವರಿಂದಲೇ ಮಾಡಿಸಿ. ತುಕ್ಕನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಬಳಿದು ಪೂರ್ತಿ ಒಣಗಲು ಬಿಡಿ. ಸ್ಪ್ರಿಂಗ್ ಕೂರುವ ಕೊಕ್ಕೆಗಳಲ್ಲಿ ಒಂದೊಂದು ದಪ್ಪ ಬಟ್ಟೆಯ ಚೂರು ಇಟ್ಟರೆ ಕಿರಿಕಿರಿ ಸದ್ದೂ ನಿಲ್ಲುತ್ತದೆ.

ಸ್ಪ್ರಿಂಗಿಗೂ ಫೋಮಿಗೂ ನಡುವೆ ಗೋಣಿ ಬಟ್ಟೆ ಇರಲೇಬೇಕು. ದಪ್ಪ ಕ್ಯಾನ್ವಾಸ್ ಅಥವಾ ಫೆಲ್ಟ್ ಆದರೂ ನಡೆಯುತ್ತದೆ. ಅದಿಲ್ಲದಿದ್ದರೆ ತಂತಿ ಕೆಳಗಿನಿಂದ ಫೋಮನ್ನು ಕೊಯ್ಯುತ್ತಾ ಹೋಗುತ್ತದೆ. ಎಷ್ಟೇ ಒಳ್ಳೆಯ ಫೋಮ್ ಆದರೂ ಬಹಳ ದಿನ ಬಾಳುವುದಿಲ್ಲ. ನಿಮ್ಮ ಹಳದಿ ಪುಡಿಯಲ್ಲಿ ಒಂದಷ್ಟು ಹೀಗೆ ಉದುರಿದ್ದೇ ಇರಬಹುದು.

ಇನ್ನು ಫೋಮಿನ ಆಯ್ಕೆ. ಇಲ್ಲೇ ಎಲ್ಲರೂ ಗೊಂದಲ ಮಾಡಿಕೊಳ್ಳುವುದು.

ನಿಮ್ಮ ಸೀಟಿನಲ್ಲಿರುವುದು ಪಾಲಿಯುರೆಥೇನ್ ಫೋಮು. ಈ ರಸಾಯನವನ್ನು ಜರ್ಮನಿಯ ಒಟ್ಟೊ ಬೇಯರ್ ಮತ್ತು ಜೊತೆಯವರು 1937ರಲ್ಲಿ ಕಂಡುಹಿಡಿದರು. ಸೀಟಿಗೆ ಮೆತ್ತನೆ ಫೋಮ್ ಬಂದದ್ದು ಆಮೇಲೆ. ಅದಕ್ಕೂ ಮುಂಚಿನ ಸೀಟುಗಳಲ್ಲಿ ಸುರುಳಿ ಸ್ಪ್ರಿಂಗು, ಹತ್ತಿ, ಕುದುರೆ ಕೂದಲು ಇರುತ್ತಿದ್ದವು. ಫೋಮ್ ಅಂದರೆ ಲಕ್ಷಾಂತರ ಪುಟ್ಟ ಗೂಡುಗಳು, ಒಂದಕ್ಕೊಂದು ಬಾಯಿ ತೆರೆದುಕೊಂಡಿರುವಂಥವು. ಕೂತಾಗ ಗಾಳಿ ಹೊರಗೆ ಹೋಗುತ್ತದೆ, ಎದ್ದಾಗ ಒಳಗೆ ಬರುತ್ತದೆ. ವರ್ಷಗಟ್ಟಲೆ ಹೀಗೆ ಮಡಚಿ ಮಡಚಿ, ಜೊತೆಗೆ ಬಿಸಿ, ಬೆವರು, ತೇವ ಸೇರಿ ಗೂಡಿನ ಗೋಡೆಗಳು ಮುರಿಯುತ್ತವೆ. ಬಣ್ಣ ಹಳದಿಗೆ ತಿರುಗಿದರೆ ಹೆದರಬೇಡಿ, ಬೆಳಕು ಗಾಳಿ ತಾಗಿದರೂ ಹಳದಿಯಾಗುತ್ತದೆ. ಬೆರಳಲ್ಲಿ ಉಜ್ಜಿದರೆ ಪುಡಿಯಾಗುತ್ತದಾ, ಅದನ್ನು ನೋಡಿ. ಪುಡಿಯಾಗುವ ಫೋಮಿಗೆ ಔಷಧಿ ಇಲ್ಲ. ಬರೀ ಚಪ್ಪಟೆಯಾಗಿದ್ದು ಪುಡಿಯಾಗದಿದ್ದರೆ ಹಬೆ ಕೊಟ್ಟಾಗ ಸ್ವಲ್ಪ ಎದ್ದು ನಿಲ್ಲುತ್ತದೆ. ಬೆನ್ನಿನ ಭಾಗದ ಫೋಮಿಗೆ ಭಾರ ಕಡಿಮೆ ಬೀಳುವುದರಿಂದ ಅದು ಹೆಚ್ಚಾಗಿ ಹೀಗೇ ಉಳಿದುಕೊಂಡಿರುತ್ತದೆ. ಸುಮ್ನೆ ಎಸೆಯಬೇಡಿ.

ಅಂಗಡಿಯಲ್ಲಿ ಫೋಮ್ ಒತ್ತಿ ನೋಡಿ "ಇದು ಗಟ್ಟಿ ಇದೆ, ಒಳ್ಳೆ ಫೋಮು" ಅನ್ನುತ್ತೇವಲ್ಲ, ಅದು ತಪ್ಪು. ಗಟ್ಟಿತನ ಬೇರೆ, ಸಾಂದ್ರತೆ ಬೇರೆ. ಗಟ್ಟಿತನ ಅಂದರೆ ಒತ್ತಲು ಎಷ್ಟು ಬಲ ಬೇಕು ಅನ್ನುವುದು. ಲ್ಯಾಬಿನಲ್ಲಿ ಸುಮಾರು 200 ಮಿ.ಮೀ. ಅಗಲದ ಗುಂಡು ತಟ್ಟೆಯನ್ನು ಫೋಮಿನೊಳಕ್ಕೆ ಒತ್ತಿ ಇದನ್ನು ಅಳೆಯುತ್ತಾರೆ. ಸಾಂದ್ರತೆ ಅಂದರೆ ಒಂದು ಘನ ಮೀಟರ್ ಫೋಮಿನ ತೂಕ. ಫೋಮ್ ಎಷ್ಟು ವರ್ಷ ಬಾಳುತ್ತದೆ ಅನ್ನುವುದು ಮುಖ್ಯವಾಗಿ ಇದರ ಮೇಲೆ ನಿಂತಿದೆ. ಸಾಂದ್ರತೆ ಕಡಿಮೆ ಇರುವ ಫೋಮನ್ನೂ ಗಟ್ಟಿಯಾಗಿ ತಯಾರಿಸಬಹುದು. ಅದು ಅಂಗಡಿಯಲ್ಲಿ ಗಟ್ಟಿ ಅನ್ನಿಸಿ ಸೀಟಿನಲ್ಲಿ ಬೇಗ ಕುಸಿಯುತ್ತದೆ. ವಾಹನದ ಸೀಟಿನ ತಳಕ್ಕೆ 45ರಿಂದ 60 ಕಿಲೋ ಸಾಂದ್ರತೆಯದು ಕೇಳಿ.

ಮಾರುವವರ ಮಾತನ್ನು ನಂಬಬೇಕಾಗಿಲ್ಲ, ತೂಗಿ ನೋಡಬಹುದು. ಒಂದು ಚೂರನ್ನು ಉದ್ದ, ಅಗಲ, ಎತ್ತರ ಮೂರೂ 10 ಸೆಂ.ಮೀ. ಬರುವಂತೆ ಕತ್ತರಿಸಿ ತಕ್ಕಡಿಗೆ ಹಾಕಿ. ಅದು ಎಷ್ಟು ಗ್ರಾಂ ತೂಗುತ್ತದೋ ಅದೇ ಅದರ ಸಾಂದ್ರತೆ. 50 ಗ್ರಾಂ ಬಂದರೆ 50 ಕಿಲೋ ಸಾಂದ್ರತೆ. 22 ಗ್ರಾಂ ಬಂದರೆ ವಾಪಸ್ ಕೊಟ್ಟುಬಿಡಿ.

ನಿಮ್ಮ ಗಾಡಿಯ ಮಾಡೆಲ್‌ಗೇ ಅಚ್ಚಿನಲ್ಲಿ ಎರೆದ ಹೊಸ ಫೋಮ್ ಸಿಗುವುದಾದರೆ ಕಣ್ಣು ಮುಚ್ಚಿಕೊಂಡು ಅದನ್ನೇ ತೆಗೆದುಕೊಳ್ಳಿ. ಉಬ್ಬು, ತಗ್ಗು, ಕವರ್ ಎಳೆದು ಕಟ್ಟುವ ಕಾಲುವೆ, ಎಲ್ಲ ಅದರಲ್ಲೇ ಬಂದಿರುತ್ತವೆ. ಸಿಗದಿದ್ದರೆ ಹಾಳೆ ಫೋಮಿನಿಂದ ಕಟ್ಟಿಕೊಳ್ಳಬೇಕು. ಕೆಳಗೆ ಗಟ್ಟಿಯದು, ಮೇಲಿನ 25 ಮಿ.ಮೀ. ಮಾತ್ರ ಮೆತ್ತನೆಯದು. ಚೂರುಗಳನ್ನು ಅಂಟಿಸಿ ಮಾಡಿದ ರೀಬಾಂಡೆಡ್ ಫೋಮ್ ಅಡಿಪದರಕ್ಕೆ ಪರವಾಗಿಲ್ಲ, ಮೇಲಕ್ಕೆ ಬೇಡ. ಮೆಮೊರಿ ಫೋಮ್ ಬಗ್ಗೆ ಬಹಳ ಜನ ಕೇಳುತ್ತಾರೆ. ಅದು ಚಳಿಯಲ್ಲಿ ಮರದ ಹಾಗೆ ಬಿಗಿಯುತ್ತದೆ, ಬಿಸಿಲಲ್ಲಿ ನಿಂತ ಗಾಡಿಯೊಳಗೆ ಮೆತ್ತಗಾಗಿ ತಳ ಮುಟ್ಟುತ್ತದೆ. ಹಾಸಿಗೆಗೆ ಸರಿ, ಪಿಕಪ್ಪಿಗೆ ಅಲ್ಲ. ಬೆಂಕಿಯ ವಿಷಯವನ್ನೂ ವಿಚಾರಿಸಿ. ವಾಹನದ ಒಳಗಿನ ವಸ್ತುಗಳಿಗೆ ಇರುವ ಪ್ರಸಿದ್ಧ ಅಮೆರಿಕನ್ ನಿಯಮ ಎಫ್‌ಎಂವಿಎಸ್‌ಎಸ್ 302 ಪ್ರಕಾರ ಉರಿ ನಿಮಿಷಕ್ಕೆ 102 ಮಿ.ಮೀ.ಗಿಂತ ವೇಗವಾಗಿ ಹಬ್ಬಬಾರದು. ಪ್ಯಾಕಿಂಗಿಗೆ ಬರುವ ಫೋಮಿಗೆ ಅಂಥ ಯಾವ ಕಟ್ಟುಪಾಡೂ ಇಲ್ಲ.

ನಿಮ್ಮ ಸೀಟಿಗೆ ಇಡೀ ತಳ ಬದಲಿಸಬೇಕಾಗದೆಯೂ ಇರಬಹುದು. ನಡುಭಾಗ ಗಟ್ಟಿಯಾಗಿದ್ದರೆ ಸತ್ತ ಭಾಗವನ್ನಷ್ಟೇ ಕತ್ತರಿಸಿ ಹೊಸದು ಕೂರಿಸಬಹುದು. ನಾನು ಮಾಡುವ ರೀತಿ ಹೀಗೆ. ಬೆರಳಲ್ಲಿ ಒತ್ತುತ್ತಾ ಹೋಗಿ, ಒಳ್ಳೆಯ ಫೋಮ್ ಎಲ್ಲಿ ಶುರುವಾಗುತ್ತದೋ ಅಲ್ಲಿ ಮಾರ್ಕರಿನಲ್ಲಿ ಗೆರೆ ಎಳೆಯುತ್ತೇನೆ. ಗೆರೆಯಿಂದ ಒಳ್ಳೆಯ ಫೋಮಿನ ಕಡೆಗೆ ಎರಡು ಬೆರಳು ಒಳಗೆ, ನೆಟ್ಟಗೆ ಅಲ್ಲ, ಇಳಿಜಾರಾಗಿ ಕತ್ತರಿಸುತ್ತೇನೆ. ನೆಟ್ಟಗೆ ಕತ್ತರಿಸಿ ಅಂಟಿಸಿದರೆ ಅಂಟಿನ ಗೆರೆ ತೊಡೆಗೆ ಚುಚ್ಚುತ್ತದೆ. ಇಳಿಜಾರಾದರೆ ಗೊತ್ತೇ ಆಗುವುದಿಲ್ಲ. ಕತ್ತರಿಸಲು ಉದ್ದ ಅಲಗಿನ ಹರಿತವಾದ ಚಾಕು ಬೇಕು. ಒತ್ತಬೇಡಿ, ಗರಗಸದ ಹಾಗೆ ಹಿಂದೆ ಮುಂದೆ ಎಳೆಯಿರಿ. ಒತ್ತಿದರೆ ಫೋಮ್ ಬಾಗಿ ಕೆಳಗಿನ ಅಂಚು ಸೊಟ್ಟಗಾಗುತ್ತದೆ.

ಅಂಟನ್ನು ಎರಡೂ ಮೈಗೆ ತೆಳುವಾಗಿ ಸ್ಪ್ರೇ ಮಾಡಿ, ಕೈಗೆ ಹತ್ತದೆ ಬರೀ ಜಿಗುಟು ಅನ್ನಿಸುವವರೆಗೆ ಕಾದು ಆಮೇಲೆ ಜೋಡಿಸಿ. ಒಮ್ಮೆ ಕೂತರೆ ಕೂತಿತು, ಸರಿಸಲಾಗುವುದಿಲ್ಲ. ಡಬ್ಬಿಯ ಮೇಲೆ ಹೆಚ್ಚು ಬಿಸಿ ತಡೆಯುತ್ತದೆ ಅಂತ ಬರೆದಿರಬೇಕು. ಸಾಧಾರಣ ಅಂಟು ಬಿಸಿಲಿಗೆ ಬಿಟ್ಟುಕೊಳ್ಳುತ್ತದೆ. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರದಲ್ಲಿ ಬೆಂಕಿ ಬೇಡ.

ಹೊಸ ತುಂಡನ್ನು ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಅಂಟಿಸಿ. ಆಕಾರ ಕೊಡುವುದು ಆಮೇಲೆ. ಮೊದಲು ಚಾಕುವಿನಲ್ಲಿ ಒರಟಾಗಿ, ನಂತರ ಮರದ ತುಂಡಿಗೆ ಸುತ್ತಿದ ದಪ್ಪ ಉಪ್ಪುಕಾಗದದಲ್ಲಿ. ಆಚೆ ಕಡೆಯ ಅಂಚಿನ ಆಕಾರವನ್ನು ರಟ್ಟಿನ ಮೇಲೆ ಬರೆದು ಕತ್ತರಿಸಿ, ಮಗುಚಿ ಇಲ್ಲಿ ಹಿಡಿದು ನೋಡುತ್ತಾ ಉಜ್ಜಿ. ಕಣ್ಣಿಗಿಂತ ಅಂಗೈ ಹೆಚ್ಚು ನಂಬಿಕಸ್ಥ. ಕಣ್ಣು ಮುಚ್ಚಿ ಅಂಗೈ ಆಡಿಸಿದರೆ ಎಲ್ಲಿ ಏಣಿದೆ, ಎಲ್ಲಿ ತಗ್ಗಿದೆ ತಿಳಿಯುತ್ತದೆ. ಕೊನೆಗೆ ಇಡೀ ತಳದ ಮೇಲೆ ತೆಳುವಾದ ಪಾಲಿಯೆಸ್ಟರ್ ಹತ್ತಿಯ ಹಾಸು ಹೊದಿಸಿ. ಸಣ್ಣಪುಟ್ಟ ಏರುತಗ್ಗು ಮುಚ್ಚುತ್ತದೆ, ಕವರೂ ಸಲೀಸಾಗಿ ಜಾರುತ್ತದೆ.

ಕವರಿಗೆ ಬಟ್ಟೆಯೋ ರೆಕ್ಸಿನ್ನೋ? ದಿನಾ ಕೆಸರು, ಒದ್ದೆ ಬಟ್ಟೆಯಲ್ಲೇ ಹತ್ತುವವರಾದರೆ ರೆಕ್ಸಿನ್. ದೂರ ಓಡಿಸುವವರಾದರೆ ಬಟ್ಟೆ, ಬೆನ್ನು ಬೆವರುವುದಿಲ್ಲ. ನನ್ನನ್ನು ಕೇಳಿದರೆ ಕೂರುವ ನಡುಭಾಗಕ್ಕೆ ಬಟ್ಟೆ, ಉಜ್ಜುವ ಅಂಚುಗಳಿಗೆ ರೆಕ್ಸಿನ್. ನಿಮ್ಮ ಮಾಡೆಲ್‌ಗೆ ಸಿದ್ಧ ಕವರ್ ಸಿಕ್ಕರೆ ಹೊಲಿಗೆಯ ಗೋಜೇ ಇಲ್ಲ. ಇಲ್ಲದಿದ್ದರೆ ಹಳೆಯದನ್ನು ಹೊಲಿಗೆ ಬಿಚ್ಚಿ ಮಾದರಿ ಮಾಡಿಕೊಳ್ಳಿ. ಬಿಚ್ಚುವ ಮುಂಚೆ ಪ್ರತಿ ಜೋಡಣೆಯ ಮೇಲೂ ಅಂಗೈ ಅಗಲಕ್ಕೊಂದರಂತೆ ಅಡ್ಡ ಗೆರೆ ಹಾಕಿ, ತುಂಡುಗಳಿಗೆ ನಂಬರ್ ಕೊಡಿ. ಡ್ರೈವರ್ ಕಡೆಯ ತುಂಡು ಹಿಗ್ಗಿರುತ್ತದೆ, ಅದನ್ನು ಹಾಗೇ ನಕಲು ಮಾಡಬೇಡಿ. ಆಚೆ ಕಡೆಯದನ್ನು ಮಗುಚಿ ಬಳಸಿ.

ಮನೆಯ ಹೊಲಿಗೆ ಮೆಷಿನ್ನು ನಾಲ್ಕು ಪದರ ರೆಕ್ಸಿನ್ನಿಗೆ ಒಗ್ಗುವುದಿಲ್ಲ, ಕೆಳಗಿನ ಪದರ ಮುಂದೆ ಹೋಗುತ್ತದೆ, ಮೇಲಿನದು ಹಿಂದೆ ಉಳಿಯುತ್ತದೆ. ಸೀಟು ಕೆಲಸದವರಿಗೇ ಕೊಡಿ, ಆದರೆ ಎರಡು ಮಾತು ಹೇಳಿ ಕೊಡಿ. ಒಂದು, ಬಾಂಡೆಡ್ ಪಾಲಿಯೆಸ್ಟರ್ ದಾರ ಇರಲಿ, ಹತ್ತಿ ದಾರ ಬೆವರಿಗೆ ಕೊಳೆಯುತ್ತದೆ. ಎರಡು, ಹೊಲಿಗೆ 4ರಿಂದ 5 ಮಿ.ಮೀ. ಉದ್ದ ಇರಲಿ. ಒತ್ತಾಗಿ ಹೊಲಿದರೆ ಗಟ್ಟಿ ಅಂತ ನಮಗೆ ಅನ್ನಿಸುತ್ತದೆ. ರೆಕ್ಸಿನ್ನಿನಲ್ಲಿ ಅದು ಅಂಚೆ ಚೀಟಿಯ ತೂತಿನ ಸಾಲಿನ ಹಾಗೆ, ಎಳೆದರೆ ಅಲ್ಲೇ ಹರಿಯುತ್ತದೆ.

ಹಾಕುವ ದಿನ ಕವರನ್ನು ಅರ್ಧ ಗಂಟೆ ಬಿಸಿಲಿನಲ್ಲಿ ಹರಡಿ. ರೆಕ್ಸಿನ್ ಮೆತ್ತಗಾಗಿ ಎಳೆದ ಕಡೆ ಬರುತ್ತದೆ. ನಡುವಿನ ಕಾಲುವೆಯಿಂದ ಶುರು ಮಾಡಿ ಹೊರಕ್ಕೆ ಹೋಗಿ, ಮೂಲೆಗಳು ಕೊನೆಗೆ. ಕಾಲುವೆಯಲ್ಲಿ ಕವರಿನ ತಂತಿಯನ್ನೂ ಫೋಮಿನೊಳಗಿನ ತಂತಿಯನ್ನೂ ಒಂದೇ ರಿಂಗಿನಲ್ಲಿ ಹಿಡಿದು ಒತ್ತಬೇಕು. ಸುಮಾರು 10 ಸೆಂ.ಮೀ.ಗೆ ಒಂದು ಸಾಕು. ಹಾಳೆ ಫೋಮಿನಲ್ಲಿ ಆ ತಂತಿ ಇರುವುದಿಲ್ಲ, ಹಳೆ ಫೋಮಿನದ್ದನ್ನು ತೆಗೆದು ಕಾಲುವೆಯ ತಳದಲ್ಲಿ ಬಟ್ಟೆ ಪಟ್ಟಿಯೊಡನೆ ಅಂಟಿಸಿಕೊಳ್ಳಿ. ಬರೀ ಫೋಮಿಗೆ ರಿಂಗ್ ಹಾಕಿದರೆ ಅದನ್ನು ಹರಿದುಕೊಂಡು ಮೇಲೆ ಬರುತ್ತದೆ. ರಿಂಗಿನ ಬದಲು ಪ್ಲಾಸ್ಟಿಕ್ ಟೈ ಹಾಕುವವರೂ ಇದ್ದಾರೆ. ಸರಿಯಾಗಿ ಕೂತಿದೆಯಾ ನೋಡುವುದಕ್ಕೆ ಅದು ಬಹಳ ಅನುಕೂಲ, ಕೊನೆಗೆ ತೆಗೆದು ರಿಂಗ್ ಹಾಕಿಬಿಡಿ. ರಿಂಗಿನ ಇಕ್ಕಳ ಮಾತ್ರ ಸರಿಯಾದದ್ದೇ ಕೊಳ್ಳಿ, ಸಾಮಾನ್ಯ ಇಕ್ಕಳದಲ್ಲಿ ಹತ್ತು ರಿಂಗ್ ಒತ್ತುವಷ್ಟರಲ್ಲಿ ಬೆರಳು ಬೊಬ್ಬೆ ಬರುತ್ತದೆ. ಉಳಿದ ಸುಕ್ಕಿಗೆ ಬಟ್ಟೆಯಾದರೆ ಹಬೆ, ರೆಕ್ಸಿನ್ನಾದರೆ ಹೇರ್ ಡ್ರೈಯರ್ ಹಿಡಿದು ಅಂಗೈಯಲ್ಲಿ ತೀಡಿ.

ಸೀಟು ವಾಪಸ್ ಕೂರಿಸುವಾಗ ಎಲ್ಲ ಬೋಲ್ಟನ್ನೂ ಮೊದಲು ಕೈಯಲ್ಲೇ ನಾಲ್ಕು ಸುತ್ತು ಹಿಡಿಸಿ, ಆಮೇಲೆ ಗಾಡಿಯ ಕೈಪಿಡಿ ಹೇಳುವಷ್ಟು ಬಿಗಿ ಮಾಡಿ. ತುಕ್ಕು ತಿಂದ ಬೋಲ್ಟಿನ ಜಾಗಕ್ಕೆ ಅದೇ ದರ್ಜೆಯ ಹೊಸದು ಹಾಕಿ. ಸೀಟ್ ಬೆಲ್ಟಿನ ಬೋಲ್ಟಿಗೆ ಕೈಗೆ ಸಿಕ್ಕಿದ್ದು ಹಾಕುವ ಹಾಗಿಲ್ಲ. ಹಳಿಯ ಮೇಲೆ ಸೀಟನ್ನು ಹಿಂದೆ ಮುಂದೆ ಸರಿಸಿ, ಎರಡೂ ಕಡೆಯ ಲಾಕ್ ಟಕ್ ಅಂತ ಬೀಳುತ್ತದಾ ನೋಡಿ.

ಆಮೇಲೆ ಮೊದಲಿನ ಪಟ್ಟಿಯನ್ನೇ ತಂದು ಮತ್ತೆ ಅಡ್ಡ ಇಡಿ. ಡ್ರೈವರ್ ಕಡೆ ಒಂದು ಸೆಂ.ಮೀ. ಎತ್ತರ ಕಂಡರೆ ಗಾಬರಿ ಬೇಡ, ಹೊಸ ಫೋಮ್ ಮೊದಲ ಕೆಲವು ವಾರಗಳಲ್ಲಿ ಸ್ವಲ್ಪ ಇಳಿಯುತ್ತದೆ. ಓಡಿಸುವ ಮುಂಚೆ ಮೂರೂ ಕನ್ನಡಿಗಳನ್ನು ತಿರುಗಿಸಿಕೊಳ್ಳಿ. ಇಷ್ಟು ವರ್ಷ ಹಳ್ಳದಲ್ಲಿ ಕೂತು ಹೊಂದಿಸಿಕೊಂಡಿದ್ದ ಕನ್ನಡಿಗಳು ಅವು, ಈಗ ಅವುಗಳಲ್ಲಿ ಬರೀ ರಸ್ತೆಯ ಡಾಂಬರು ಕಾಣುತ್ತಿರುತ್ತದೆ.